ಬದುಕುಳಿದ ಸಸಿಗಳ ಲೆಕ್ಕ

ವಿದೇಶಿ ನೆರವಿನ ಹಣವನ್ನು ಪರದೇಶದಲ್ಲಿ ನಿಂತು ನಿರ್ವಹಿಸುವ ಸರ್ಕಾರಿ ಅಧಿಕಾರಿಗೆ ನಿಷ್ಪಕ್ಷಪಾತಿ ತಜ್ಞನೆಂಬ ಹೆಸರು ಸುಲಭವಾಗಿ ಬಂದುಬಿಡುತ್ತದೆ. 1983ರಲ್ಲಿ ಆರಂಭವಾದ ಕರ್ನಾಟಕದ ಸಾಮಾಜಿಕ ಅರಣ್ಯ ಯೋಜನೆಗೆ ವಿಶ್ವಬ್ಯಾಂಕಿನ ಜೊತೆಗೆ ಹಣ ಕೊಟ್ಟ ಸಾಗರೋತ್ತರ ಅಭಿವೃದ್ಧಿ ಆಡಳಿತ, ಅಂದರೆ ಅಂದಿನ ಬ್ರಿಟಿಷ್ ಸರ್ಕಾರದ ನೆರವು ಇಲಾಖೆ, ಇದೇ ಹೆಸರಿನ ಫಲಾನುಭವಿ. ಆಗಿನ್ನೂ ಧಾರವಾಡ ಜಿಲ್ಲೆಗೆ ಸೇರಿದ್ದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಡೆಯಿಂದ ನೋಡಿದರೆ ಆ ಹೆಸರು ಸಲ್ಲುವಂಥದ್ದಲ್ಲ.

ಸಾಮಾಜಿಕ ಅರಣ್ಯದ ಪರಿಶೀಲನೆಗಳು ಮತ್ತೆ ಮತ್ತೆ ಆತುಕೊಂಡ ಮಾನದಂಡವೆಂದರೆ ಬದುಕುಳಿದ ಸಸಿಗಳ ಶೇಕಡಾವಾರು. ನೆಟ್ಟ ಸಾಲುಗಳಲ್ಲಿ ಕೆಲವನ್ನು ಆಯ್ದು, ಜೀವಂತವಾಗಿರುವ ಸಸಿಗಳನ್ನು ಎಣಿಸಿ, ಆ ಸಾಲುಗಳಲ್ಲಿ ನೆಟ್ಟ ಒಟ್ಟು ಸಂಖ್ಯೆಯಿಂದ ಭಾಗಿಸುವ ಈ ಕ್ರಮದಲ್ಲಿ ಮೇಲ್ನೋಟಕ್ಕೆ ಯಾವ ಪಕ್ಷಪಾತವೂ ಕಾಣದು. ಆದರೆ ನೀಲಗಿರಿಯನ್ನು ದನವಾಗಲಿ ಕುರಿಯಾಗಲಿ ಮುಟ್ಟುವುದಿಲ್ಲ, ಸುಬಾಬುಲ್, ಕಮರದಂಥ ಮೇವಿನ ಗಿಡಗಳ ಚಿಗುರನ್ನು ಮಾತ್ರ ಬಿಡುವುದಿಲ್ಲ. ಹೀಗಾಗಿ ಊರಿಗೆ ಹೆಚ್ಚು ಬೇಕಾದ ಗಿಡವೇ ಲೆಕ್ಕದಲ್ಲಿ ಮೊದಲು ಸೋಲುತ್ತದೆ, ಯಾರಿಗೂ ಮೇವಾಗದ ಗಿಡ ಗೆಲ್ಲುತ್ತದೆ. ಸಸಿ ನಿಂತಿರುವ ನೆಲ ಗಾಯರಾಣವೇ (ಊರ ದನಕರು ಮೇಯಲೆಂದು ಬಿಟ್ಟ ಸಾಮೂಹಿಕ ಜಮೀನು), ಅಲ್ಲಿ ಮೊನ್ನೆಯವರೆಗೆ ಯಾರ ಕುರಿಹಿಂಡು ಮೇಯುತ್ತಿತ್ತು, ಬೇಲಿ ಬಿದ್ದ ಮೇಲೆ ಅದು ಎಲ್ಲಿಗೆ ಹೋಯಿತು ಎಂಬುದಕ್ಕೆ ಆ ಭಾಗಾಕಾರದಲ್ಲಿ ಸ್ಥಾನವೇ ಇಲ್ಲ. ನರ್ಸರಿಗಳು ಹೆಚ್ಚಿದವು, ರೈತರಿಗೆ ಸಸಿ ಹಂಚುವ ಕೆಲಸ ಗುರಿ ಮೀರಿತು ಎಂಬುದನ್ನು ಒಪ್ಪಲೇಬೇಕು. ಊರೊಟ್ಟಿನ ನೆಡುತೋಪುಗಳು ಹಿಂದೆ ಬಿದ್ದದ್ದು ಯಾಕೆಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಯೋಜನೆಯನ್ನು ಟೀಕಿಸಿದವರೂ ಈ ಎಣಿಕೆಯನ್ನು ಕೆಣಕಲಿಲ್ಲವೆಂಬುದು ಇನ್ನೂ ಸೋಜಿಗ. ಪರಿಸರ ಚಿಂತಕರಾದ ವಂದನಾ ಶಿವ, ಜಯಂತ ಬಂದ್ಯೋಪಾಧ್ಯಾಯರಿಂದ ಬಿಸಿಯೇರಿದ ಚರ್ಚೆಯಲ್ಲಿ ನೀಲಗಿರಿ ನೀರು ಹೀರುತ್ತದೆಯೇ ಎಂಬುದೇ ಮುಖ್ಯವಾಯಿತು, ಕನ್ನಡದ ಲೇಖಕರು ಬಹುಮಟ್ಟಿಗೆ ಅದೇ ಜಾಡು ಹಿಡಿದರು. ಮರವೇ ಅಪರಾಧಿಯಾದರೆ ಅಧಿಕಾರಿ ಪಾರಾಗುತ್ತಾನೆ, ಮರ ಬದಲಿಸಿ ಅದೇ ಶೇಕಡಾವಾರನ್ನು ಮುಂದುವರಿಸಬಹುದು. ರಾಣೆಬೆನ್ನೂರಿನ ಕೃಷ್ಣಮೃಗಧಾಮದಲ್ಲಿ ಈ ಯೋಜನೆಗೂ ಮೊದಲೇ ಅರಣ್ಯ ಇಲಾಖೆಯ ನೀಲಗಿರಿ ನೆಡುತೋಪುಗಳಿದ್ದವು. ಆ ಮರವನ್ನು ಲಂಡನ್ನಿನವರು ತಂದರೆಂಬ ಆರೋಪ ನಿಲ್ಲುವುದಿಲ್ಲ. ಅವರು ತಂದದ್ದು ಹಣವನ್ನು ಮತ್ತು ಎಣಿಕೆಯ ಶಿಸ್ತನ್ನು.

1984ರಲ್ಲಿ ರಾಜ್ಯ ಸರ್ಕಾರ ಮತ್ತು ಮರದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕೂಡಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿ ನೆರವಿನ ಯೋಜನೆಯ ಅಂಗವಾಗಿರಲಿಲ್ಲ. ಆದರೂ ಸಾಮೂಹಿಕ ಜಮೀನನ್ನು ಖಾಲಿ ಜಾಗವೆಂದು ಓದುವ ಅಭ್ಯಾಸ ಎರಡಕ್ಕೂ ಸಮಾನ. ಸುಮಾರು 30,000 ಹೆಕ್ಟೇರ್ ಊರ ಜಮೀನು ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿದ್ದ ಪಾಲಿಫೈಬರ್ಸ್ ಕಾರ್ಖಾನೆಗೆ ತಿರುಳಿನ ಮರ ಬೆಳೆಯಲು ಮೀಸಲಾದಾಗ, ಸಾಹಿತಿ ಶಿವರಾಮ ಕಾರಂತರೂ ಧಾರವಾಡದ ಸಂಘಟನೆಯಾದ ಸಮಾಜ ಪರಿವರ್ತನ ಸಮುದಾಯದವರೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ‘ಕಿತ್ತಿಕೊ ಹಚ್ಚಿಕೊ’ ಎಂದು ಆ ಕಂಪನಿಯ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಹಣ್ಣು, ಮೇವಿನ ಗಿಡಗಳನ್ನು ಅವುಗಳ ಜಾಗದಲ್ಲಿ ಹಚ್ಚಿದರು. ಪರಿಶೀಲನಾ ತಂಡಗಳು ಕೇಳದೆ ಬಿಟ್ಟ ಪ್ರಶ್ನೆಯನ್ನು, ಈ ನೆಲ ಯಾರದ್ದು ಎಂಬುದನ್ನು, ಆ ದಿನ ಕೇಳಿದವರಿಗೆ ಯಾವ ಸರ್ಕಾರವೂ ತಜ್ಞರೆಂದು ಸಂಬಳ ಕೊಟ್ಟಿರಲಿಲ್ಲ.