ಆಫ್ ಆಗುವ ಗಳಿಗೆ

ರಿಲೇ ಆನ್ ಮಾಡುವುದು ದೊಡ್ಡ ವಿಷಯವಲ್ಲ. ಎಂಥ ಕಳಪೆ ಸರ್ಕ್ಯೂಟೂ ಒಂದು ಸಲ ‘ಟಕ್’ ಅನ್ನಿಸಿಯೇ ತೀರುತ್ತದೆ. ಕಟ್ಟಿದವರು ಅದರ ವಿಡಿಯೊ ತೆಗೆದು ವಾಟ್ಸ್‌ಆಪ್‌ಗೂ ಹಾಕಿಬಿಡುತ್ತಾರೆ. ಒಂದು ರಿಲೇ ಡ್ರೈವರ್‌ನ ಯೋಗ್ಯತೆಯನ್ನು ನಾನು ಅಳೆಯುವುದು ಬೇರೆ ಎರಡು ಹೊತ್ತಿನಲ್ಲಿ: ರಿಲೇ ಆಫ್ ಆಗುವಾಗ, ಮತ್ತು ಮೈಕ್ರೊಕಂಟ್ರೋಲರ್ ಇನ್ನೂ ಬಾಯಿ ಬಿಡದೆ ಇರುವಾಗ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿ ಬರುವ ಊರುಗಳಲ್ಲಿ ಈ ಎರಡೂ ಗಳಿಗೆ ಅಪರೂಪದ್ದಲ್ಲ.

ಮೊದಲು ಲೆಕ್ಕ ಮುಗಿಸೋಣ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘ಐದು ವೋಲ್ಟ್ ರಿಲೇ’ ಎಂದು ಕೇಳಿದರೆ ಬಹುಮಟ್ಟಿಗೆ ಕೈಗೆ ಬರುವುದು ಸಾಂಗಲ್ ಕಂಪನಿಯ ಎಸ್‌ಆರ್‌ಡಿ ಮಾದರಿಯ ನೀಲಿ ಡಬ್ಬಿ. ಅದರ ಕಾಯಿಲ್‌ನ ರೆಸಿಸ್ಟನ್ಸ್ ಸುಮಾರು 70 ಓಮ್, ಅಂದರೆ 5 ವೋಲ್ಟಿಗೆ 71 ಮಿಲಿಆಂಪ್ ಎಳೆಯುತ್ತದೆ. ಆರ್ಡುಯಿನೊ ಊನೊದಲ್ಲಿರುವ ಎಟಿಮೆಗಾ328ಪಿ ಚಿಪ್ಪಿನ ಒಂದು ಪಿನ್ನಿಗೆ 40 ಮಿಲಿಆಂಪ್ ದಾಟಬಾರದ ಗೆರೆ. ನೆಮ್ಮದಿಯಿಂದ ಕೊಡುವುದು 20. ಇಎಸ್‌ಪಿ8266 ಪಿನ್ನಿನದು ಬರೀ 12. ಕರೆಂಟಷ್ಟೇ ಅಲ್ಲ, ವೋಲ್ಟೇಜೂ ಸಾಲದು. ಈ ರಿಲೇ ಎಳೆದುಕೊಳ್ಳಲು 5ರಲ್ಲಿ ಮುಕ್ಕಾಲು ಪಾಲು, ಅಂದರೆ 3.75 ವೋಲ್ಟ್ ಬೇಕು. ಇಎಸ್‌ಪಿಯ ಪಿನ್ ಎಷ್ಟು ಏದುಸಿರು ಬಿಟ್ಟರೂ 3.3ರ ಮೇಲೆ ಏರದು. ‘ನಾಲ್ಕು ಪಿನ್ ಸೇರಿಸಿ ಕಟ್ಟಿದರೆ?’ ಎನ್ನುವವರು ಇದ್ದೇ ಇರುತ್ತಾರೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ತಪ್ಪಿ ಒಂದು ಪಿನ್ ಮೇಲೆ, ಇನ್ನೊಂದು ಕೆಳಗೆ ಹೋದ ದಿನ ಆ ಪಿನ್‌ಗಳೇ ಒಂದನ್ನೊಂದು ಸುಟ್ಟುಕೊಳ್ಳುತ್ತವೆ.

ಆದ್ದರಿಂದ ನಡುವೆ ಒಂದು ಟ್ರಾನ್ಸಿಸ್ಟರ್. ಬಿಸಿ547 ಎಲ್ಲರ ಮನೆಯ ಡಬ್ಬಿಯಲ್ಲೂ ಇರುತ್ತದೆ, ಆದರೆ ಅದರ ಮಿತಿ 100 ಮಿಲಿಆಂಪ್; 71ಕ್ಕೆ ನಡೆಯುತ್ತದೆ, ಧಾರಾಳವಾಗಿ ಅಲ್ಲ. ನನ್ನ ಆಯ್ಕೆ ಬಿಸಿ337. ಕಾಲುಗಳ ಕ್ರಮ ಅದೇ, ಬೆಲೆಯಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಸಾಮರ್ಥ್ಯ ಮಾತ್ರ 800 ಮಿಲಿಆಂಪ್. 2ಎನ್2222 ಕೂಡ ಒಳ್ಳೆಯದೇ, ಆದರೆ ಆ ಹೆಸರು ಹೊತ್ತ ಪ್ಲಾಸ್ಟಿಕ್ ಟ್ರಾನ್ಸಿಸ್ಟರ್‌ಗಳಲ್ಲಿ ಕಾಲುಗಳ ಕ್ರಮ ಎರಡು ಬಗೆ, ಒಂದು ಇನ್ನೊಂದರ ತಿರುವುಮುರುವು. ಮಲ್ಟಿಮೀಟರ್‌ನಲ್ಲಿ ನೋಡದೆ ಬೆಸುಗೆ ಹಾಕಬೇಡಿ.

ರಿಲೇಯನ್ನು ಕಲೆಕ್ಟರ್ ಕಡೆ ಕೂರಿಸಬೇಕು, ಎಮಿಟರ್ ನೇರ ಗ್ರೌಂಡಿಗೆ. ಎಮಿಟರ್ ಕಡೆ ಕೂರಿಸಿದರೆ ಕಾಯಿಲ್‌ಗೆ ದಕ್ಕುವುದು ಪಿನ್ನಿನ 3.3ರಲ್ಲಿ 0.7 ಕಳೆದು ಉಳಿದ 2.6 ವೋಲ್ಟ್. ಬೇಸ್ ರೆಸಿಸ್ಟರ್‌ನಲ್ಲೇ ಹೆಚ್ಚಿನವರ ಜಿಪುಣತನ ಬಯಲಾಗುವುದು. 10 ಕಿಲೋಓಮ್ ಹಾಕುತ್ತಾರೆ; ಬೇಸಿಗೆ ಸಿಗುವುದು 0.26 ಮಿಲಿಆಂಪ್. ಟ್ರಾನ್ಸಿಸ್ಟರ್ ಅದನ್ನು ಇನ್ನೂರು ಪಟ್ಟು ಮಾಡಿದರೂ 52. ಇನ್ನೊಂದು ಚೀಲದ ಟ್ರಾನ್ಸಿಸ್ಟರ್ ನಾನೂರು ಪಟ್ಟು ಮಾಡಬಹುದು, ಆಗ ಅದೇ ಸರ್ಕ್ಯೂಟ್ ಕೆಲಸ ಮಾಡುತ್ತದೆ! ಇಂಥ ಅದೃಷ್ಟದ ಸರ್ಕ್ಯೂಟ್‌ಗಳೇ ಬೇಸಿಗೆಯಲ್ಲೊಂದು ಚಳಿಗಾಲದಲ್ಲೊಂದು ಆಟ ಆಡುವುದು. ರಿಲೇಯಂಥ ಕೆಲಸಕ್ಕೆ ಟ್ರಾನ್ಸಿಸ್ಟರ್‌ನ ವರ್ಧನೆಯನ್ನು ಇಪ್ಪತ್ತು ಪಟ್ಟು ಎಂದಷ್ಟೇ ಹಿಡಿಯಬೇಕು. 71ಕ್ಕೆ ಮೂರೂವರೆ ಮಿಲಿಆಂಪ್ ಬೇಕಾಯಿತು, 2.6 ವೋಲ್ಟನ್ನು ಅದರಿಂದ ಭಾಗಿಸಿದರೆ ಹತ್ತಿರದ ರೆಸಿಸ್ಟರ್ 680 ಓಮ್. ಪಿನ್ನಿಗೂ ಹೊರೆಯಲ್ಲ, ಟ್ರಾನ್ಸಿಸ್ಟರೂ ತಣ್ಣಗಿರುತ್ತದೆ.

ಇಷ್ಟು ಆನ್ ಮಾಡುವ ಕತೆ. ಈಗ ಆಫ್.

ಕಾಯಿಲ್‌ನಲ್ಲಿ ಹರಿಯುತ್ತಿದ್ದ 71 ಮಿಲಿಆಂಪ್ ಟ್ರಾನ್ಸಿಸ್ಟರ್ ಬಾಗಿಲು ಹಾಕಿತೆಂದು ನಿಲ್ಲುವುದಿಲ್ಲ. ರಭಸವಾಗಿ ಬರುವ ನೀರಿಗೆ ನಲ್ಲಿಯನ್ನು ಫಟ್ಟನೆ ಮುಚ್ಚಿದಾಗ ಪೈಪು ಗುದ್ದುತ್ತದಲ್ಲ, ಇದೂ ಹಾಗೆಯೇ. ಹೊರಬರಲು ದಾರಿ ಸಿಗದ ಕರೆಂಟು ಕಲೆಕ್ಟರ್ ವೋಲ್ಟೇಜನ್ನು ಮೇಲಕ್ಕೆ ಮೇಲಕ್ಕೆ ತಳ್ಳುತ್ತದೆ. ತಡೆಯುವವರಿಲ್ಲದಿದ್ದರೆ ನೂರಾರು ವೋಲ್ಟ್ ಮುಟ್ಟಬಹುದು. ಬಿಸಿ547 ತಾಳುವುದು 45. ಮೊದಲ ಸಲಕ್ಕೇ ಸಾಯದಿರಬಹುದು. ಅದೇ ಇನ್ನೂ ಕೆಟ್ಟದ್ದು: ಪ್ರತಿ ಸಲ ಒಂದಿಷ್ಟು ಪೆಟ್ಟು ತಿನ್ನುತ್ತಾ ಇದ್ದು, ಮಾಲೀಕರು ಊರಿಗೆ ಹೋದ ವಾರ ಕೈಕೊಡುತ್ತದೆ.

ಈ ಕಿಡಿಯನ್ನು ಮೊದಲು ಗಮನವಿಟ್ಟು ನೋಡಿದವರಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ಒಬ್ಬ. ಉದ್ದ ತಂತಿಯ ಸರ್ಕ್ಯೂಟನ್ನು ಕಡಿದಾಗ ಗಿಡ್ಡ ತಂತಿಯಲ್ಲಿ ಕಾಣದಷ್ಟು ಜೋರಾದ ಕಿಡಿ ಹಾರುವುದನ್ನು ಕಂಡು 1832ರಲ್ಲಿ ಬರೆದ. ಕಾಯಿಲ್‌ನ ಈ ಗುಣವನ್ನು ಅಳೆಯುವ ಮಾನಕ್ಕೆ ಇಂದು ಅವನದೇ ಹೆಸರು. ಸ್ವಾರಸ್ಯವೆಂದರೆ ದೂರದಿಂದ ಬಂದು ಬಡವಾದ ಕರೆಂಟಿನಿಂದ ದೊಡ್ಡ ಕರೆಂಟನ್ನು ಆಳುವ ಉಪಾಯ, ಅಂದರೆ ರಿಲೇ, 1835ರ ಸುಮಾರಿಗೆ ಹೊಳೆದದ್ದೂ ಅವನಿಗೇ. ಗುದ್ದು ಕಂಡವನೂ ಅವನೇ, ಗುದ್ದುವ ಸಾಧನ ಕಟ್ಟಿದವನೂ ಅವನೇ.

ಮದ್ದು ಎಲ್ಲರಿಗೂ ಗೊತ್ತು: ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್, ಪಟ್ಟಿ ಇರುವ ತುದಿ 5 ವೋಲ್ಟಿನ ಕಡೆ. 1ಎನ್4007 ಸಾಕು, ಇಷ್ಟು ಸಣ್ಣ ಕಾಯಿಲ್‌ಗೆ 1ಎನ್4148 ಕೂಡ ನಡೆಯುತ್ತದೆ. ಆಮೇಲಿನ ಮಾತನ್ನು ಹೆಚ್ಚಿನವರು ಹೇಳುವುದಿಲ್ಲ. ಡಯೋಡ್ ಕೊಟ್ಟ ದಾರಿಯಲ್ಲಿ ಕರೆಂಟು ಸುತ್ತುತ್ತಲೇ ಇರುವುದರಿಂದ ಅಯಸ್ಕಾಂತ ಕೂಡಲೇ ಸೋಲುವುದಿಲ್ಲ. ರಿಲೇ ಕೆಲವು ಮಿಲಿಸೆಕೆಂಡು ತಡವಾಗಿ, ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ಕಾಂಟ್ಯಾಕ್ಟ್‌ಗಳು ಮೆಲ್ಲಗೆ ಅಗಲಿದಷ್ಟೂ ನಡುವಿನ ಆರ್ಕ್ ಹೆಚ್ಚು ಹೊತ್ತು ಉರಿಯುತ್ತದೆ. ಬಲ್ಬಿಗಾದರೆ ಚಿಂತೆಯಿಲ್ಲ. ಭಾರದ ಕೆಲಸಕ್ಕೆ ಡಯೋಡ್ ಜೊತೆಗೆ ಎದುರುಬದುರಾಗಿ ಒಂದು 24 ವೋಲ್ಟಿನ ಝೀನರ್ ಸೇರಿಸುತ್ತೇನೆ. ಆಗ ಟ್ರಾನ್ಸಿಸ್ಟರ್ ಕಾಣುವುದು 5, 24, ಅದರ ಮೇಲೆ 0.7, ಹೆಚ್ಚುಕಡಿಮೆ 30 ವೋಲ್ಟ್. 45ರ ಒಳಗೇ ಆಯಿತು, ರಿಲೇಯೂ ಚುರುಕಾಗಿ ಬಿಡುತ್ತದೆ. ಒಂದು ಝೀನರ್‌ನ ಚಿಲ್ಲರೆ ಖರ್ಚಿಗೆ ಇಷ್ಟು ಲಾಭ ತರುವ ಬಿಡಿಭಾಗ ನನ್ನ ಡಬ್ಬಿಯಲ್ಲಿ ಇನ್ನೊಂದಿಲ್ಲ.

ಆರೇಳು ರಿಲೇ ಇದ್ದರೆ ಯುಎಲ್‌ಎನ್2003 ಚಿಪ್ಪು ಅನುಕೂಲ. ಏಳು ಡ್ರೈವರ್, ಬೇಸ್ ರೆಸಿಸ್ಟರ್, ಡಯೋಡ್ ಎಲ್ಲವೂ ಒಳಗೇ. ಅದು ತನ್ನ ಪಾಲಿಗೆ ಒಂದು ವೋಲ್ಟಿನ ಹತ್ತಿರ ತಿಂದುಕೊಳ್ಳುತ್ತದೆಂಬುದು ನೆನಪಿರಲಿ. ಹಳೆಯ ಮೊಬೈಲ್ ಚಾರ್ಜರ್ 4.7 ವೋಲ್ಟ್ ಕೊಟ್ಟರೆ ಕಾಯಿಲ್‌ಗೆ ಉಳಿಯುವುದು 3.7, ಬೇಕಾದದ್ದು 3.75. ಇನ್ನು ಮಾಸ್‌ಫೆಟ್ ಮೋಹದವರು ಐಆರ್‌ಎಫ್540 ಹಿಡಿದು ಬರುತ್ತಾರೆ. ಅದರ ಗೇಟ್ 2ರಿಂದ 4 ವೋಲ್ಟಿನ ನಡುವೆ ಎಲ್ಲೋ ಕಣ್ಣು ಬಿಡುವಂಥದ್ದು, 3.3ಕ್ಕೆ ಅದನ್ನು ನಂಬುವುದು ಜೂಜು. ಎಒ3400 ತಗೊಳ್ಳಿ, ಅದು 2.5ಕ್ಕೇ ಚೆನ್ನಾಗಿ ತೆರೆಯುತ್ತದೆ.

ಎರಡನೆಯ ಗಳಿಗೆಗೆ ಬರೋಣ. ಕರೆಂಟು ಬಂದ ಮೇಲೆ ನಿಮ್ಮ ಪ್ರೋಗ್ರಾಮಿನ ಮೊದಲ ಸಾಲು ಓಡುವ ತನಕ ಪಿನ್ ಯಾರ ಮಾತನ್ನೂ ಕೇಳುತ್ತಿರುವುದಿಲ್ಲ. ಎಟಿಮೆಗಾದಲ್ಲಿ ಅದು ಅತ್ತಲೂ ಇಲ್ಲ, ಇತ್ತಲೂ ಇಲ್ಲ, ತೇಲುತ್ತಿರುತ್ತದೆ. ಬೇಸ್‌ನಿಂದ ಗ್ರೌಂಡಿಗೆ ಒಂದು 10 ಕಿಲೋಓಮ್ ಹಾಕಿದರೆ ಅಪ್ಪಣೆ ಬರುವವರೆಗೂ ರಿಲೇ ಸುಮ್ಮನಿರುತ್ತದೆ. ಇಎಸ್‌ಪಿ8266ರಲ್ಲಿ ಪಿನ್ ಆರಿಸುವುದೇ ಒಂದು ವಿವೇಕ. 16ನೆಯ ಪಿನ್ ಬೂಟ್ ಆಗುವಾಗ ಮೇಲಿರುತ್ತದೆ. 0 ಮತ್ತು 2 ಮೇಲಿದ್ದರೇ, 15 ಕೆಳಗಿದ್ದರೇ ಚಿಪ್ಪು ಸರಿಯಾಗಿ ಏಳುವುದು. ಅವುಗಳ ತಂಟೆಗೆ ಹೋಗದೆ 4 ಅಥವಾ 5 ಬಳಸಿ. ನೋಡ್‌ಎಂಸಿಯು ಬೋರ್ಡಿನ ಮೇಲೆ ಅವನ್ನು ಡಿ2, ಡಿ1 ಎಂದು ಅಚ್ಚು ಹಾಕಿರುತ್ತಾರೆ.

ಸಿದ್ಧವಾಗಿ ಸಿಗುವ ರಿಲೇ ಮಾಡ್ಯೂಲ್‌ಗಳ ಮೇಲೆ ನನ್ನ ಅಸಮಾಧಾನ ಇರುವುದೂ ಇಲ್ಲೇ. ಅವುಗಳಲ್ಲಿ ಬಹುಪಾಲು ಉಲ್ಟಾ: ಪಿನ್ ಕೆಳಗೆ ಹೋದರೆ ಆನ್. ಮೇಲಾಗಿ ಒಳಗಿನ ಆಪ್ಟೊಕಪ್ಲರ್‌ನ ಒಂದು ತುದಿ 5 ವೋಲ್ಟಿನಲ್ಲಿದ್ದು, ನಿಮ್ಮ ಪಿನ್ನಿನ ‘ಮೇಲೆ’ 3.3 ಆಗಿದ್ದರೆ ನಡುವೆ 1.7 ವೋಲ್ಟ್ ಉಳಿದೇ ಉಳಿಯುತ್ತದೆ. ರಿಲೇ ಬಿಟ್ಟರೆ ಬಿಟ್ಟಿತು, ಇಲ್ಲದಿದ್ದರೆ ಇಲ್ಲ. ಜೆಡಿ-ವಿಸಿಸಿ ಎಂದು ಬರೆದಿರುವ ಜಂಪರ್ ಕಿತ್ತು, ಆಪ್ಟೊ ಕಡೆಗೆ 3.3, ರಿಲೇ ಕಡೆಗೆ ಬೇರೆ 5 ವೋಲ್ಟ್ ಕೊಟ್ಟರೆ ಸರಿಹೋಗುತ್ತದೆ. ಆ ಜಂಪರ್ ಹಾಗೇ ಇದ್ದರೆ ಎರಡೂ ಕಡೆಗೂ ಒಂದೇ ಸಪ್ಲೈ. ‘ಪೂರ್ತಿ ಐಸೊಲೇಷನ್’ ಎಂಬ ಜಾಹೀರಾತು ಜಾಹೀರಾತಾಗಿಯೇ ಉಳಿಯುತ್ತದೆ.

ಬೋರ್‌ವೆಲ್ ಪಂಪಿಗೆ ಇದನ್ನೆಲ್ಲ ಜೋಡಿಸುವವರು ಇನ್ನೊಂದು ಮಾತು ಕೇಳಬೇಕು. ನೀಲಿ ಡಬ್ಬಿಯ ನೆತ್ತಿಯ ಮೇಲಿನ ‘10 ಆಂಪ್’ ಹೀಟರಿನಂಥ ಸಾಧು ಲೋಡಿಗೆ ಬರೆದದ್ದು, ಮೋಟರಿಗಲ್ಲ. ಒಂದು ಎಚ್.ಪಿ.ಯ ಸಿಂಗಲ್ ಫೇಸ್ ಮೋಟರೇ ಓಡುವಾಗ ಆರೇಳು ಆಂಪ್, ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಕಾಂಟ್ಯಾಕ್ಟ್ ಅಂಟಿಕೊಂಡರೆ ಮೇಲೆ ಹೇಳಿದ ಆಫ್ ಶಾಸ್ತ್ರವೆಲ್ಲ ದಂಡ. ಸಣ್ಣ ರಿಲೇ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಹೇಳಲಿ, ಕಾಂಟ್ಯಾಕ್ಟರ್ ಮೋಟರಿಗೆ ಹೇಳಲಿ. ಕಾಂಟ್ಯಾಕ್ಟರ್‌ನ ಕಾಯಿಲ್ ಕೂಡ ಕಾಯಿಲೇ. ರಿಲೇ ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೊಫ್ಯಾರಡ್‌ನ ಎಕ್ಸ್2 ದರ್ಜೆಯ ಕೆಪಾಸಿಟರ್ ಒಂದರ ಹಿಂದೊಂದು ಕಟ್ಟಿದರೆ ಕಿಡಿ ತಗ್ಗುತ್ತದೆ. ಮೇನ್ಸ್ ತಂತಿಯ ಕಡೆಯನ್ನು ಬಲ್ಲ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಬ್ಯಾಟರಿಯಲ್ಲಿ ನಡೆಯುವ ಯೋಜನೆಗಳಲ್ಲಿ 71 ಮಿಲಿಆಂಪ್ ದೊಡ್ಡ ದುಂದು. ಸಿಆರ್2032 ನಾಣ್ಯದ ಸೆಲ್‌ನಲ್ಲಿ ಇರುವುದೇ 220 ಮಿಲಿಆಂಪ್‌ಗಂಟೆಯಷ್ಟು. ಕಾಗದದ ಮೇಲೆ ಮೂರು ಗಂಟೆ. ನಿಜದಲ್ಲಿ ಅಷ್ಟು ಕರೆಂಟು ಅದರಿಂದ ಹೊರಡುವುದೇ ಇಲ್ಲ. ಇಂಥಲ್ಲಿ ಲ್ಯಾಚಿಂಗ್ ರಿಲೇ ಚೆಂದ. ಕೆಲವು ಮಿಲಿಸೆಕೆಂಡಿನ ಒಂದು ಪಲ್ಸ್ ಕೊಟ್ಟರೆ ಮಗ್ಗುಲು ಬದಲಿಸಿ, ಇನ್ನೊಂದು ಪಲ್ಸ್ ಬರುವವರೆಗೆ ಬಿಡಿಗಾಸೂ ಕೇಳದೆ ಅಲ್ಲೇ ಕೂರುತ್ತದೆ. ಅಂಥದ್ದನ್ನು ಪಂಪಿಗೆ ಹಾಕಲು ಮಾತ್ರ ನಾನು ಒಪ್ಪುವುದಿಲ್ಲ. ಆನ್ ಇದ್ದಾಗ ಕರೆಂಟು ಹೋದರೆ, ರಾತ್ರಿ ಎರಡಕ್ಕೆ ಕರೆಂಟು ಬಂದಾಗಲೂ ಅದು ಆನ್ ಆಗಿಯೇ ಇರುತ್ತದೆ, ಬಾವಿಯಲ್ಲಿ ನೀರಿರಲಿ ಬಿಡಲಿ. ಅಲ್ಲಿಗೆ ಮಾಮೂಲಿ ರಿಲೇಯೇ ಸರಿ.