ಬೇಲಿಯ ದೂರ, ಹೊಡೆತದ ಬಲ

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಮೊದಲ ದಶಕಗಳಲ್ಲಿ ಹೋಮ್ ರನ್ ಎಂಬುದು ಬಲು ಅಪರೂಪದ ಫಲವಾಗಿತ್ತು. ದಾಂಡಿಗನು ಮೈದಾನದ ಮೂರು ಬೇಸ್‌ಗಳನ್ನು, ಅಂದರೆ ನೆಲೆಗಳನ್ನು, ಒಂದೇ ಹೊಡೆತದ ಬಲದಿಂದ ಸುತ್ತಿ ಹೊರಟಲ್ಲಿಗೇ ಮರಳಿದರೆ ಅದು ಹೋಮ್ ರನ್. ಚೆಂಡು ಬೇಲಿಯನ್ನು ದಾಟಲೇಬೇಕೆಂದೇನಿಲ್ಲ. ನ್ಯಾಷನಲ್ ಲೀಗ್ ಆರಂಭವಾದ 1876ರಲ್ಲಿ ಶಿಕಾಗೋದ ರಾಸ್ ಬಾರ್ನ್ಸ್ ಆ ಲೀಗ್‌ನ ಮೊದಲ ಹೋಮ್ ರನ್ ಗಳಿಸಿದ್ದು ಮೈದಾನದೊಳಗೇ ಓಡಿ. ಆ ಇಡೀ ಋತುವಿನಲ್ಲಿ ಎಲ್ಲರಿಗಿಂತ ಮುಂದಿದ್ದ ಜಾರ್ಜ್ ಹಾಲ್ ಗಳಿಸಿದ್ದು ಕೇವಲ 5. ಚೆಂಡು ಇಂದಿನಷ್ಟು ಪುಟಿಯುತ್ತಿರಲಿಲ್ಲ, ಸಾಮಾನ್ಯವಾಗಿ ಒಂದೇ ಚೆಂಡನ್ನು ಜಜ್ಜಿ ಮೆತ್ತಗಾಗುವವರೆಗೂ ಆಡಿಸುತ್ತಿದ್ದರು.

ಈ ಹಿನ್ನೆಲೆಯಲ್ಲಿ 1884ರಲ್ಲಿ ಶಿಕಾಗೋದ ನೆಡ್ ವಿಲಿಯಮ್ಸನ್ 27 ಹೋಮ್ ರನ್ ಗಳಿಸಿದ್ದು ಮೇಲ್ನೋಟಕ್ಕೆ ಪವಾಡದಂತೆ ಕಾಣುತ್ತದೆ. ಪವಾಡದ ಮೂಲವಿದ್ದದ್ದು ಆ ತಂಡದ ಲೇಕ್ ಫ್ರಂಟ್ ಪಾರ್ಕ್ ಮೈದಾನದಲ್ಲಿ, ಏಕೆಂದರೆ ಅಲ್ಲಿನ ಎಡಬದಿಯ ಬೇಲಿ ದಾಂಡಿಗನಿಂದ ಸುಮಾರು 180 ಅಡಿ, ಬಲಬದಿಯದು 196 ಅಡಿ ದೂರದಲ್ಲಷ್ಟೇ ಇತ್ತು. ಹಿಂದಿನ ವರ್ಷದವರೆಗೆ ಆ ಬೇಲಿ ದಾಟಿದ ಚೆಂಡಿಗೆ ಎರಡು ಬೇಸ್‌ಗಳ ಡಬಲ್ ಮಾತ್ರ ದಕ್ಕುತ್ತಿದ್ದುದರಿಂದ 1883ರಲ್ಲಿ ವಿಲಿಯಮ್ಸನ್ ಲೆಕ್ಕದಲ್ಲಿ 49 ಡಬಲ್‌ಗಳೂ 2 ಹೋಮ್ ರನ್‌ಗಳೂ ಇದ್ದವು. 1884ರಲ್ಲಿ ನಿಯಮ ಬದಲಾಗಿ ಅದೇ ಹೊಡೆತ ಹೋಮ್ ರನ್ ಆಯಿತು. ಆತನ 27ರಲ್ಲಿ 25 ಬಂದದ್ದು ತವರಿನಲ್ಲಿ. ಆ ವರ್ಷ ಸಹ ಆಟಗಾರ ಫ್ರೆಡ್ ಫೆಫರ್ 25, ಆ್ಯಬ್ನರ್ ಡಾಲ್‌ರಿಂಪಲ್ 22, ನಾಯಕ ಕ್ಯಾಪ್ ಆ್ಯನ್ಸನ್ 21 ಗಳಿಸಿದರೆಂಬುದನ್ನು ಗಮನಿಸಿದರೆ, ದಾಖಲೆ ಮೈದಾನದ್ದೇ ಹೊರತು ಒಬ್ಬ ಆಟಗಾರನದಲ್ಲ ಎಂಬುದು ಸ್ಪಷ್ಟವಾಗುತ್ತದೆ. ತಂಡವು 1885ರಲ್ಲಿ ಬೇರೆ ಮೈದಾನಕ್ಕೆ ಹೋದಾಗ ವಿಲಿಯಮ್ಸನ್ ಗಳಿಕೆ 3ಕ್ಕೆ ಇಳಿಯಿತು. ಆದರೂ ಆ 27ರ ಅಂಕಿಯನ್ನು 1919ರಲ್ಲಿ ಬೇಬ್ ರೂತ್ 29 ಹೊಡೆಯುವವರೆಗೆ ಯಾರೂ ಮೀರಲಿಲ್ಲ.

ಹೀಗಾಗಿ ಆ ಕಾಲದ ದಾಂಡಿಗರ ನಿಜವಾದ ಬಲವನ್ನು ಅಳೆಯಲು ಹೋಮ್ ರನ್ ಒಂದೇ ಸಾಲದು. ಬೇಲಿಯ ಹಂಗಿಲ್ಲದೆ, ವಿಶಾಲ ಬಯಲಿನಲ್ಲಿ ಚೆಂಡನ್ನು ದೂರಕ್ಕಟ್ಟಿ ಮೂರನೆಯ ಬೇಸ್ ತಲುಪುವ ಟ್ರಿಪಲ್ ಹೆಚ್ಚು ನಂಬಬಹುದಾದ ಸಾಕ್ಷಿ. ಈ ಎರಡು ಅಳತೆಗಳಲ್ಲೂ ಎತ್ತರಕ್ಕೆ ನಿಲ್ಲುವವನು ರೋಜರ್ ಕಾನರ್. ಆರಡಿ ಮೂರಂಗುಲ ಎತ್ತರದ, ಎಡಗೈ ದಾಂಡಿಗನಾದ ಈತ 1880ರಿಂದ 1897ರವರೆಗೆ ಟ್ರಾಯ್, ನ್ಯೂಯಾರ್ಕ್ ಮುಂತಾದ ತಂಡಗಳಿಗೆ ಆಡಿ 138 ಹೋಮ್ ರನ್, 233 ಟ್ರಿಪಲ್ ಗಳಿಸಿದನು. ಒಂದೇ ಋತುವಿನಲ್ಲಿ 17ಕ್ಕಿಂತ ಹೆಚ್ಚು ಹೋಮ್ ರನ್ ಎಂದೂ ಹೊಡೆಯದೆ, ಹದಿನೆಂಟು ಋತುಗಳ ಸಾತತ್ಯದಿಂದ ಕೂಡಿಸಿದ ಮೊತ್ತವದು. 1886ರಲ್ಲಿ ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಿಂದ ಆತ ಚೆಂಡನ್ನು ಹೊರಗಿನ ಬೀದಿಗೇ ಅಟ್ಟಿದಾಗ, ಆಟ ನೋಡುತ್ತಿದ್ದ ಷೇರುಪೇಟೆಯ ಅಭಿಮಾನಿಗಳು ಚಂದಾ ಎತ್ತಿ ಚಿನ್ನದ ಗಡಿಯಾರ ಕೊಡಿಸಿದರು.

1921ರಲ್ಲಿ ರೂತ್ ವೃತ್ತಿಜೀವನದ ಒಟ್ಟು ಹೋಮ್ ರನ್‌ಗಳಲ್ಲಿ ಆ 138ನ್ನು ದಾಟಿದಾಗ ಅದು ಯಾರ ದಾಖಲೆಯೆಂದು ಯಾರೂ ಗುರುತಿಸಲಿಲ್ಲ. ಅದೇ ಲೆಕ್ಕದಲ್ಲಿ ದಾಂಡಿಗ ಹ್ಯಾಂಕ್ ಆ್ಯರನ್ 1974ರಲ್ಲಿ ರೂತ್‌ನನ್ನು ಮೀರಿಸಿದ ಬಳಿಕ, ರೂತ್‌ಗಿಂತ ಮೊದಲಿದ್ದವನಾರು ಎಂಬ ಪ್ರಶ್ನೆ ಎದ್ದು ಕಾನರ್‌ನ ಹೆಸರು ಮೇಲೆ ಬಂತು. 1976ರಲ್ಲಿ ಆತನಿಗೆ ಹಾಲ್ ಆಫ್ ಫೇಮ್‌ನ ಗೌರವ ದೊರೆಯಿತು. ಟ್ರಿಪಲ್‌ಗಳ ಸಾರ್ವಕಾಲಿಕ ಪಟ್ಟಿಯಲ್ಲಂತೂ ಆತ ಇಂದಿಗೂ ಐದನೆಯವನು.