ಗೋಡೆಗೊಂದು ರಿವ್ಯೂ

ಎಸಿ ಕೊಳ್ಳೋ ಮುಂಚೆ ನಾನು ಹನ್ನೊಂದು ರಿವ್ಯೂ ವಿಡಿಯೋ ನೋಡಿದ್ದೆ. ಎಕ್ಸೆಲ್ ಶೀಟ್ ಮಾಡಿ, ಸ್ಟಾರ್ ಎಷ್ಟು, ಕಾಯಿಲ್ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ, ವಾರಂಟಿ ಎಷ್ಟು ವರ್ಷ, ವೈಫೈ ಇದೆಯಾ ಅಂತೆಲ್ಲ ಕಾಲಂ ಹಾಕಿ, ಹಸಿರು-ಕೆಂಪು ಬಣ್ಣ ಬಳಿದಿದ್ದೆ. ಬಿಇ ಓದಿದ್ದಕ್ಕೆ ಇಷ್ಟಾದ್ರೂ ಮಾಡ್ಬೇಕಲ್ಲ. ಆ ಶೀಟಿನಲ್ಲಿ ಇಲ್ಲದೇ ಇದ್ದ ಕಾಲಂ ಒಂದೇ: ಇದನ್ನ ಗೋಡೆಗೆ ಕೂರಿಸೋರು ಯಾರು, ಹೇಗೆ ಕೂರಿಸ್ತಾರೆ?

ಹೋದ ಬೇಸಿಗೆಯಲ್ಲಿ ನಮ್ಮ ಬಳಗಕ್ಕೆ ಮೂರು ಎಸಿ ಬಂದವು. ಬಳ್ಳಾರಿ ಗಾಂಧಿನಗರದಲ್ಲಿ ಮಾವನ ಮನೆಗೆ ಒಂದು, ಸಿರುಗುಪ್ಪ ತಾಲ್ಲೂಕಿನ ನಮ್ಮೂರಲ್ಲಿ ಅವ್ವನ ಮನೆಗೆ ಒಂದು, ಕುರುಗೋಡಿನ ಅಕ್ಕನ ಮನೆಗೆ ಒಂದು. ಮೂರೂ ಒಂದೇ ಕಂಪನಿ, ಒಂದೇ ಮಾಡೆಲ್, ಒಂದು ಟನ್. ನನ್ನ ಎಕ್ಸೆಲ್ ಶೀಟಿನ ಚಾಂಪಿಯನ್. ಆದ್ರೆ ಮೂರೂ ಬೇರೆ ಬೇರೆ ಯಂತ್ರಗಳ ಥರ ನಡ್ಕೊಂಡವು. ಅದಕ್ಕೇ ಪೆಟ್ಟಿಗೆಯ ರಿವ್ಯೂ ಬಿಟ್ಟು ಮೂರು ಗೋಡೆಗಳ ರಿವ್ಯೂ ಬರೀತಿದ್ದೀನಿ. ಇದನ್ನ ಯೂಟ್ಯೂಬಿನಲ್ಲಿ ಯಾರೂ ಮಾಡಿದ್ದು ನಾನು ನೋಡಿಲ್ಲ.

ಮೊದಲು, ಎಸಿ ಯಾಕೆ ಬೇಕಾಯ್ತು ಅಂತ ಹೇಳಿಬಿಡ್ತೀನಿ. ಬಳ್ಳಾರಿಗೆ ಇರೋದೇ ಎರಡು ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಅಂತ ಜೋಕು ಮಾಡ್ತಾರೆ. ಅದರ ಹಿಂದಿನ ವರ್ಷ ಮೇ ತಿಂಗಳಲ್ಲಿ ಆ ಜೋಕು ನಮ್ಮ ಮನೆ ಬಾಗಿಲಿಗೇ ಬಂತು. ಅವ್ವ ಮಧ್ಯಾಹ್ನ ಅಂಗಳದಲ್ಲಿ ಕಾಳು ಹಸನು ಮಾಡ್ತಾ ಕೂತವಳು ತಲೆ ಸುತ್ತಿ ಬಿದ್ದಳು. ಎರಡು ಬಾಟಲಿ ಸಲೈನ್ ಆಯ್ತು. ಇನ್ಮೇಲೆ ಮಧ್ಯಾಹ್ನ ಇವರನ್ನ ತಂಪಾದ ಕಡೆ ಇರಿಸಿ, ವಯಸ್ಸಾದವರಿಗೆ ಬೆವರು ಕಡಿಮೆ, ಮೈ ತನ್ನನ್ನ ತಾನು ತಣ್ಣಗೆ ಮಾಡ್ಕೊಳ್ಳೋ ಶಕ್ತಿ ಕುಗ್ಗಿರುತ್ತೆ ಅಂದ್ರು ಡಾಕ್ಟರು.

ಬೆವರಿನ ಲೆಕ್ಕ ಸರಳ. ನೀರು ಆವಿಯಾಗುವಾಗ ಸುತ್ತಲಿನ ಶಾಖ ಹೀರ್ಕೊಳ್ಳುತ್ತೆ. ಮಣ್ಣಿನ ಗಡಿಗೆಯ ನೀರು ತಣ್ಣಗಿರೋದು ಹಾಗೇ, ಕೂಲರಿನ ಹುಲ್ಲಿನ ಪ್ಯಾಡು ಕೆಲಸ ಮಾಡೋದೂ ಹಾಗೇ. ಎಸಿ ಕೂಡ ಅದೇ ಗಡಿಗೆಯ ಮೊಮ್ಮಗ. ನಾವು ಗೋಡೆ ಮೇಲೆ ನೋಡೋ ಬಿಳಿ ಡಬ್ಬಿಯೊಳಗೆ ಇರೋದು ಇವ್ಯಾಪರೇಟರ್ ಕಾಯಿಲ್, ಮೆಕ್ಯಾನಿಕ್‌ಗಳ ಭಾಷೇಲಿ ಕೂಲಿಂಗ್ ಕಾಯಿಲ್. ತೆಳ್ಳನೆ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಹಾದುಹೋಗೋ ತಾಮ್ರದ ನಳಿಗೆ ಅದು. ಅದರೊಳಗೆ ನೀರಿನ ಬದಲು ಗ್ಯಾಸ್ ಆವಿಯಾಗುತ್ತೆ. ಈಗಿನ ಬಹಳಷ್ಟು ಎಸಿಗಳಲ್ಲಿರೋ ಆರ್-32 ಬಯಲಲ್ಲಿ ಬಿಟ್ರೆ ಮೈನಸ್ 52 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ. ಒತ್ತಡ ಹೊಂದಿಸಿ ಅದನ್ನ ಕಾಯಿಲ್ ಒಳಗೆ ಐದಾರು ಡಿಗ್ರಿಯಲ್ಲಿ ಕುದಿಸ್ತಾರೆ. ಕುದಿಯೋಕೆ ಬೇಕಾದ ಶಾಖ ನಮ್ಮ ರೂಮಿನ ಗಾಳಿಯಿಂದ ಹೋಗುತ್ತೆ. ಚಳಿ ದೇಶಗಳಲ್ಲಿ ಇದನ್ನೇ ಉಲ್ಟಾ ಓಡಿಸಿ ಮನೆ ಬೆಚ್ಚಗೆ ಮಾಡ್ಕೋತಾರೆ. ನಮಗೆ ಆ ಫೀಚರ್ ಬೇಡ, ಸೂರ್ಯ ಉಚಿತವಾಗಿ ಕೊಡ್ತಾನೆ.

ಗಡಿಗೆಗೂ ಎಸಿಗೂ ಇರೋ ವ್ಯತ್ಯಾಸ ಇಷ್ಟೇ. ಗಡಿಗೆ ಕುಂಬಾರನ ಮನೇಲಿ ಪೂರ್ತಿಯಾಗಿ ಬರುತ್ತೆ. ಸ್ಪ್ಲಿಟ್ ಎಸಿ ಫ್ಯಾಕ್ಟರಿಯಿಂದ ಅರ್ಧ ಬರುತ್ತೆ. ಒಳಗಿನ ಕಾಯಿಲ್ಲಿಗೂ ಹೊರಗಿನ ಯೂನಿಟ್ಟಿಗೂ ಪೈಪು ಜೋಡಿಸಿ, ಒಳಗಿನ ಗಾಳಿ ತೆಗೆದು, ನೀರಿಗೆ ದಾರಿ ಮಾಡಿದ ಮೇಲೇ ಅದು ಎಸಿ. ಆ ಉಳಿದರ್ಧ ತಯಾರಾಗೋದು ನಿಮ್ಮನೆ ಗೋಡೆ ಮೇಲೆ, ಏಣಿ ಮೇಲೆ ನಿಂತ ಒಬ್ಬ ಹುಡುಗನ ಕೈಯಲ್ಲಿ.

ಮೊದಲನೇ ಗೋಡೆ ಬಳ್ಳಾರಿಯದು. ಮಾವನ ಬೆಡ್‌ರೂಮಿಗೆ ಚೆಂದದ ಫಾಲ್ಸ್ ಸೀಲಿಂಗ್ ಇದೆ. ಡಬ್ಬಿ ಎದ್ದು ಕಾಣಬಾರದು ಅಂತ ಅದನ್ನ ಸೀಲಿಂಗಿಗೆ ಅಂಟಿಸಿದ ಹಾಗೆ ಕೂರಿಸಿದ್ರು. ಮೇಲೆ ಎರಡು ಬೆರಳು ಜಾಗ. ಈ ಡಬ್ಬಿ ಗಾಳಿ ಎಳ್ಕೊಳ್ಳೋದೇ ತಲೆ ಮೇಲಿಂದ. ಕೈಪಿಡಿಗಳು ಸಾಮಾನ್ಯವಾಗಿ ಮೇಲೆ ಹತ್ತು-ಹದಿನೈದು ಸೆಂಟಿಮೀಟರ್ ಕೇಳ್ತಾವೆ. ಮೂಗು ಮುಚ್ಚಿ ಓಡು ಅಂದ್ರೆ ಯಾರು ಓಡ್ತಾರೆ? ಅದರ ಜೊತೆಗೆ ಡ್ರೈನ್ ಪೈಪನ್ನ ಸೀಲಿಂಗ್ ಮೇಲಿಂದ ಬಚ್ಚಲಿಗೆ ಒಯ್ದಿದ್ರು. ಅಂದ್ರೆ ನೀರು ಮೊದಲು ಮೇಲೆ ಹತ್ತಿ ಆಮೇಲೆ ಇಳೀಬೇಕು.

ಏಪ್ರಿಲ್, ಮೇನಲ್ಲಿ ಏನೂ ಗೊತ್ತಾಗ್ಲಿಲ್ಲ, ಒಣ ಹವೆ. ಜೂನಿನಲ್ಲಿ ನಾಲ್ಕು ಮಳೆ ಬಿದ್ದು ಗಾಳಿಯಲ್ಲಿ ತೇವ ಏರಿತು ನೋಡಿ, ಮಾವನ ದಿಂಬಿನ ಮೇಲೆ ಟಪ್ ಟಪ್. ತಣ್ಣನೆ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗೋದು ಸಹಜ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್‌ನ ಪ್ರಿಂಟಿಂಗ್ ಪ್ರೆಸ್ ಒಂದಕ್ಕೆ ಮಾಡಿಕೊಟ್ಟ ಮೊದಲ ವ್ಯವಸ್ಥೆಯ ಉದ್ದೇಶವೇ ಗಾಳಿಯ ತೇವ ಹತೋಟಿಗೆ ತರೋದಾಗಿತ್ತು, ಕಾಗದ ಹಿಗ್ಗಿ ಕುಗ್ಗಿ ಬಣ್ಣ ಹೊಂದ್ತಿರಲಿಲ್ಲ ಅಂತ. ಹುಟ್ಟಿದಾಗಿನಿಂದ ನೀರು ಹಿಂಡೋ ಯಂತ್ರಕ್ಕೆ ನೀರಿನ ದಾರಿಯನ್ನೇ ಕೊಡದೆ ಹೋದ್ರೆ ಹೇಗೆ? ಮಾವ ಹಾಸಿಗೆ ಮೇಲೊಂದು ಸ್ಟೀಲ್ ಬೋಗುಣಿ ಇಟ್ಕೊಂಡು ಮಲಗ್ತಿದ್ರು. ತೀರ್ಪು: ನೋಡೋಕೆ ಐದು ಸ್ಟಾರ್, ಮಲಗೋಕೆ ಒಂದು.

ಎರಡನೇ ಗೋಡೆ ನಮ್ಮೂರಿನದು. ಇದನ್ನ ಬರೆಯೋಕೆ ನನಗೆ ಸ್ವಲ್ಪ ಕಷ್ಟ.

ನಮ್ಮದು ಭತ್ತದ ಸೀಮೆ, ತುಂಗಭದ್ರೆಯ ಕಾಲುವೆ ನೀರು, ಸುತ್ತ ರೈಸ್ ಮಿಲ್ಲು. ಅಪ್ಪ ಇದ್ದಾಗ ಹಳೇ ಮಣ್ಣಿನ ಮಾಳಿಗೆ ಮನೆ ಮುಂದೆ ಆರ್‌ಸಿಸಿ ರೂಮೊಂದು ಕಟ್ಟಿಸಿದ್ದರು. ಮಾಳಿಗೆಯೊಳಗೆ ಮಧ್ಯಾಹ್ನ ಹೇಗೋ ತಡೀಬಹುದು. ಆರ್‌ಸಿಸಿ ಹಗಲೆಲ್ಲ ಕಾದು ರಾತ್ರಿ ನಮ್ಮ ಮೇಲೆ ತೀರಿಸ್ಕೊಳ್ಳುತ್ತೆ. ಆದ್ರೆ ಮಂಚ, ಟಿವಿ, ಬಚ್ಚಲು ಎಲ್ಲ ಇರೋದು ಆರ್‌ಸಿಸಿಯಲ್ಲೇ, ಅದಕ್ಕೇ ಎಸಿ ಅಲ್ಲಿಗೆ. ನಾನು ಬೆಂಗಳೂರಿಂದ ಆರ್ಡರ್ ಮಾಡಿದೆ. ಕೂರಿಸೋಕೆ ಹುಡುಗ ಬಂದ ದಿನ ನಾನು ಆಫೀಸಿನ ಕಾಲ್‌ನಲ್ಲಿದ್ದೆ. ಮಧ್ಯದಲ್ಲಿ ಅವನ ಫೋನು: “ಸರ್, ವ್ಯಾಕ್ಯೂಮ್ ಮಾಡಿಸ್ತೀರೇನು? ಐನೂರು ಎಕ್ಸ್‌ಟ್ರಾ ಆಗ್ತೈತಿ. ಇಲ್ಲಾಂದ್ರ ಗ್ಯಾಸ್ ಬಿಟ್ಟು ಗಾಳಿ ತಳ್ಳಿಬಿಡ್ತೀನಿ, ಇನ್ನೂ ಐದು ಮನಿ ಅದಾವ.”

ನಾನು ಹೇಳಿದ್ದು: “ಇನ್‌ಸ್ಟಲೇಶನ್ನಿಗೆ ಆಗ್ಲೇ ದುಡ್ಡು ತಗೊಂಡಿದೀರಲ್ಲ, ಮತ್ತೇನು ಐನೂರು? ಬೇಡ, ಹಾಗೇ ಮಾಡಿ.” ಹೇಳಿ ಕಾಲ್‌ಗೆ ವಾಪಸ್ ಹೋದೆ. ಆ ಕಾಲ್‌ನಲ್ಲಿ ನಾನು ವಾದಿಸ್ತಿದ್ದ ವಿಷಯ ಏನು ಗೊತ್ತಾ? ಟೆಸ್ಟಿಂಗ್ ಮುಗೀದೆ ಶುಕ್ರವಾರ ರಿಲೀಸ್ ಮಾಡೋಕಾಗಲ್ಲ ಅಂತ.

ವ್ಯಾಕ್ಯೂಮ್ ಅಂದ್ರೆ ಏನು ಅಂತ ಆಮೇಲೆ ಓದಿದೆ. ಪೈಪು ಜೋಡಿಸಿದ ಮೇಲೆ ಒಳಗೆ ಗಾಳಿ, ತೇವ ಉಳಿದಿರುತ್ತೆ. ಪಂಪ್ ಹಚ್ಚಿ ಅದನ್ನ 500 ಮೈಕ್ರಾನ್‌ಗಿಂತ ಕೆಳಗೆ ಎಳೀಬೇಕು. ನಾವು ಉಸಿರಾಡೋ ಗಾಳಿಯ ಒತ್ತಡ 7,60,000 ಮೈಕ್ರಾನ್, ಅಂದಾಜು ಮಾಡ್ಕೊಳ್ಳಿ. ಅಷ್ಟು ಕೆಳಗೆ ಹೋದಾಗ ಪೈಪಿನೊಳಗಿನ ನೀರಹನಿ ಸಾಮಾನ್ಯ ಬಿಸಿಗೇ ಕುದ್ದು ಆವಿಯಾಗಿ ಹೊರಗೆ ಹೋಗುತ್ತೆ. ಉಳಿದ್ರೆ ಅದು ಕಂಪ್ರೆಸರ್ ಎಣ್ಣೆ ಜೊತೆ ಸೇರಿ ಆಮ್ಲ ಆಗುತ್ತೆ. ಇನ್ನೂ ಮುಖ್ಯವಾದದ್ದು, ಪಂಪ್ ನಿಲ್ಲಿಸಿ ಹತ್ತು ನಿಮಿಷ ಮೀಟರ್ ನೋಡ್ತಾ ಕೂತರೆ ಎಲ್ಲಾದ್ರೂ ಸೋರಿಕೆ ಇದ್ದಲ್ಲಿ ಒತ್ತಡ ಏರುತ್ತೆ, ಕಳ್ಳ ಅಲ್ಲೇ ಸಿಕ್ಕಿಬೀಳ್ತಾನೆ. ನಾನು ಐನೂರು ಉಳಿಸಿದ್ದು ಟೆಸ್ಟಿಂಗ್‌ನಲ್ಲೇ.

ಮೂರು ವಾರ ಬಿಟ್ಟು ಅವ್ವನ ಫೋನು: “ಡಬ್ಬಿ ಒಳಗ ಬರ್ಫ ಹಿಡದೈತಿ, ರೂಮು ಮಾತ್ರ ಉರಿಯಾಕ ಹತ್ತೈತಿ.” ಅವ್ವ ಎರಡು ವಾಕ್ಯದಲ್ಲಿ ರೋಗ ಹೇಳಿಬಿಟ್ಟಿದ್ದಳು, ನನಗೇ ತಿಳೀಲಿಲ್ಲ. ಗ್ಯಾಸ್ ಸೋರಿ ಕಡಿಮೆಯಾದ್ರೆ ಕಾಯಿಲ್‌ನ ಒತ್ತಡ ಇಳಿದು ಅದು ಸೊನ್ನೆಗಿಂತ ತಣ್ಣಗಾಗುತ್ತೆ, ಮೇಲೆ ಮಂಜು ಕಟ್ಟುತ್ತೆ, ಗಾಳಿ ದಾಟೋದಿಲ್ಲ. “ಫಿಲ್ಟರ್ ತೊಳಿ ಅವ್ವ, ಮಿಲ್ಲಿನ ಧೂಳು ಕೂತಿರುತ್ತೆ” ಅಂದು ಫೋನಿಟ್ಟೆ. ಎಸಿ ನಿಲ್ಲದೆ ಓಡಿತು, ರೂಮು ತಣ್ಣಗಾಗ್ಲಿಲ್ಲ. ತಿಂಗಳ ಕೊನೆಗೆ ಜೆಸ್ಕಾಂ ಬಿಲ್ಲು ಬಂತು, 200 ಯೂನಿಟ್ ದಾಟಿತ್ತು. ಗೃಹಜ್ಯೋತಿ ಬಂದ 2023ರಿಂದ ಅವ್ವ ಕರೆಂಟಿಗೆ ದುಡ್ಡು ಕಟ್ಟಿರಲಿಲ್ಲ. ನಿಯಮ ಅಂದ್ರೆ ನಿಯಮ, 200 ದಾಟಿದ್ರೆ ಪೂರ್ತಿ ಬಿಲ್. ಅವ್ವ ನನಗೆ ಹೇಳದೆ ಕಟ್ಟಿದಳು, ಎಸಿ ಸ್ವಿಚ್ ಆಫ್ ಮಾಡಿ ಅದರ ಮೇಲೆ ಹಳೇ ಟವೆಲ್ ಹೊದಿಸಿದಳು, ಮತ್ತೆ ಮಾಳಿಗೆಯಲ್ಲಿ ಚಾಪೆ ಹಾಸ್ಕೊಂಡಳು. ಆ ಬೇಸಿಗೆಯ ಕೆಟ್ಟ ದಿನಗಳನ್ನೆಲ್ಲ ಅಲ್ಲೇ ಕಳೆದಳು. ಫೋನಿನಲ್ಲಿ ಕೇಳಿದ್ರೆ “ತಂಪೈತಪ್ಪ” ಅಂತಿದ್ದಳು. ನಾನು ಎಸಿ ಬಗ್ಗೆ ಹೇಳ್ತಿದಾಳೆ ಅಂದ್ಕೊಂಡಿದ್ದೆ.

ಆ ಹುಡುಗನ್ನ ಬೈಯೋದು ಸುಲಭ. ಆದ್ರೆ ಅವನು ಕೇಳಿದ್ದ. ಬೇಡ ಅಂದವನು ನಾನು. ತೀರ್ಪು: ಗೋಡೆಗೆ ಒಂದು ಸ್ಟಾರ್, ಗಿರಾಕಿಗೆ ಸೊನ್ನೆ.

ಮೂರನೇ ಗೋಡೆ ಕುರುಗೋಡಿನದು. ಅಕ್ಕನ ಮನೆ ದೊಡ್ಡಬಸವೇಶ್ವರ ಗುಡಿಯಿಂದ ನಡೆಯೋ ದೂರ, ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ಆ ದಿನ ನಾನೂ ಅಲ್ಲೇ ಇದ್ದೆ. ಬಂದವರು ಐವತ್ತರ ಆಸುಪಾಸಿನ ಮೆಕ್ಯಾನಿಕ್, ಸ್ವಂತ ಪಂಪು, ಸ್ವಂತ ತಕ್ಕಡಿ. ರೇಟು ಬೇರೆಯವರಿಗಿಂತ ಆರುನೂರು ಜಾಸ್ತಿ. ಬಾಯಿ ತೆರೆಯೋ ಹೊತ್ತಿಗೆ ಅಕ್ಕ ನನ್ನ ಕಾಲು ತುಳಿದಳು.

ಅವರು ಮೊದಲು ಕೇಳಿದ ಪ್ರಶ್ನೆ: “ನೀರು ಎಲ್ಲಿಗೆ ಬಿಡಬೇಕ್ರಿ?” ಹಿತ್ತಲ ಕರಿಬೇವಿನ ಗಿಡಕ್ಕೆ ಅಂದಳು ಅಕ್ಕ. ಆ ಕಡೆಗೇ ಗೋಡೆ ಆರಿಸಿದ್ರು. ಕಲ್ಲಿನಲ್ಲಿ ತೂತು ಕೊರೆಯೋಕೇ ಮುಕ್ಕಾಲು ಗಂಟೆ ಆಯ್ತು, ಅದೂ ಹೊರಗಡೆಗೆ ತುಸು ಇಳಿಜಾರಾಗಿ. ಲೆವೆಲ್ ಇಟ್ಟು ಪ್ಲೇಟ್ ಬಡಿದ್ರು. ಪೈಪಿನ ತುದಿ ಅರಳಿಸಿ ಬೆರಳಲ್ಲಿ ಸವರಿ, ಒಂದು ಸಲ ಮನಸ್ಸಿಗೆ ಬರಲಿಲ್ಲ ಅಂತ ಕತ್ತರಿಸಿ ಮತ್ತೆ ಮಾಡಿದ್ರು. ಎರಡೂ ಪೈಪಿಗೆ ಬೇರೆ ಬೇರೆ ಫೋಮ್ ಹೊದಿಸಿದ್ರು. ಪಂಪ್ ಹಚ್ಚಿ ಚಹಾ ಕುಡಿದ್ರು. ಪಂಪ್ ನಿಲ್ಲಿಸಿ ಮೀಟರ್ ನೋಡ್ತಾ ಸುಮ್ಮನೆ ಕೂತ್ರು. ಏನೂ ಮಾಡದೆ ಕೂತಿದ್ದ ಆ ಹತ್ತು ನಿಮಿಷವೇ ನಾನು ನಮ್ಮೂರಲ್ಲಿ ಕೊಳ್ಳದೆ ಬಿಟ್ಟ ಸರಕು. ಕೊನೆಗೆ ಒಂದು ಚೊಂಬು ನೀರನ್ನ ಡ್ರೈನ್ ಟ್ರೇಗೆ ಸುರಿದು, ಅಕ್ಕನ್ನ ಹಿತ್ತಲಿಗೆ ಕಳಿಸಿ “ಬಂತೇನವ್ವ?” ಅಂತ ಕೂಗಿದ್ರು. ಬಂತು.

ಬೇರೆ ಎರಡು ಕಡೆ ಟೆಸ್ಟಿಂಗ್ ಅಂದ್ರೆ ರಿಮೋಟ್‌ನಲ್ಲಿ 16 ಒತ್ತಿ, “ಕೈ ಇಡ್ರಿ ಸರ್, ತಣ್ಣಗೈತಲ್ಲ?” ಅನ್ನೋದಷ್ಟೇ. ಅದು ನಮ್ಮ ಹಲೋ ವರ್ಲ್ಡ್ ಪ್ರೋಗ್ರಾಂ ಇದ್ದ ಹಾಗೆ, ಏನನ್ನೂ ಸಾಬೀತು ಮಾಡೋದಿಲ್ಲ. ಇವರು ಕಾಲು ಗಂಟೆ ಓಡಿಸಿ, ಒಳಗೆ ಹೋಗೋ ಗಾಳಿಗೂ ಹೊರಬರೋ ಗಾಳಿಗೂ ಥರ್ಮಾಮೀಟರ್ ಹಿಡಿದ್ರು. ಹನ್ನೆರಡು ಡಿಗ್ರಿ ವ್ಯತ್ಯಾಸ. ತೀರ್ಪು: ಐದು ಸ್ಟಾರ್, ಮತ್ತೆ ಕರಿಬೇವಿಗೆ ನೀರು.

ಈಗ ನನ್ನ ತಕರಾರು. ಎಸಿಗೆ ಅಂಟಿಸೋ ಸ್ಟಾರ್ ಲೇಬಲ್ ಸುಳ್ಳಲ್ಲ. ಆದ್ರೆ ಅದರ ಮೇಲಿನ ಕೂಲಿಂಗ್ ಸಾಮರ್ಥ್ಯ ಅಳೆದದ್ದು ಪ್ರಯೋಗಾಲಯದಲ್ಲಿ, ಒಳಗೆ 27, ಹೊರಗೆ 35 ಡಿಗ್ರಿ ಇಟ್ಟು, ಎಲ್ಲ ಸರಿಯಾಗಿ ಜೋಡಿಸಿದ ಯಂತ್ರದಲ್ಲಿ. ಬಳ್ಳಾರಿಯ ಮೇನಲ್ಲಿ 35 ಅನ್ನೋದು ಬೆಳಗಿನ ತಿಂಡಿ ಹೊತ್ತು. ಮೊದಲೇ ತಿಣುಕೋ ಯಂತ್ರಕ್ಕೆ ಕೆಟ್ಟ ಕೆಲಸದ ಭಾರವೂ ಸೇರಿದ್ರೆ ಸ್ಟಾರ್ ಉಳಿಯೋದು ಸ್ಟಿಕ್ಕರಿನಲ್ಲಿ ಮಾತ್ರ. 2020ರ ಜನವರಿಯಿಂದ ಸ್ಟಾರ್ ಲೇಬಲ್ಲಿನ ರೂಮ್ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕು ಅಂತ ನಿಯಮ ಬಂತು, ಒಳ್ಳೇದು. ಪಂಪ್ ಹಚ್ಚದೆ ಯಾರೂ ಎಸಿ ಕೂರಿಸಬಾರದು ಅಂತಲೂ ಅಷ್ಟೇ ಗಟ್ಟಿಯಾಗಿ ಯಾರಾದ್ರೂ ಹೇಳಬೇಕಿತ್ತು. ಸೋರಿ ಹೋದ ಒಂದು ಕಿಲೋ ಆರ್-32 ನೂರು ವರ್ಷದ ಲೆಕ್ಕದಲ್ಲಿ 675 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅವ್ವನ ಮನೆಯ ಗ್ಯಾಸು ಮುಂದಿನ ಬೇಸಿಗೆಗಳ ಖಾತೆಗೆ ಜಮಾ ಆಯ್ತು.

ವಿಡಿಯೋ ಮಾಡೋರು ಪೆಟ್ಟಿಗೆ ತೆರೆಯೋದನ್ನ ಇಪ್ಪತ್ತು ನಿಮಿಷ ತೋರಿಸ್ತಾರೆ, ಗೋಡೆಗೆ ಬಂದಾಗ ಫಾಸ್ಟ್ ಫಾರ್ವರ್ಡ್. ನಾವೂ ಹಾಗೇ. ಪೆಟ್ಟಿಗೆಗೆ ಮೂವತ್ತೈದು ಸಾವಿರ ಇಎಂಐ ಕಟ್ತೀವಿ, ಉಳಿದರ್ಧ ತಯಾರು ಮಾಡೋ ಕೈಗೆ ಐನೂರು ಚೌಕಾಶಿ ಮಾಡ್ತೀವಿ. ಮನೆ ಲೆಕ್ಕದಲ್ಲಿ ಸಂಬಳ ಎಣಿಸೋ ಹುಡುಗ ಅವಸರ ಮಾಡದೆ ಏನು ಮಾಡ್ತಾನೆ? ಕೋಡ್ ಬರೆದವನಿಗಿಂತ ಡಿಪ್ಲಾಯ್ ಮಾಡಿದವನು ರಾತ್ರಿ ಎದ್ದಿರ್ತಾನೆ ಅಂತ ನಮಗೆ ಗೊತ್ತು. ಏಣಿ ಮೇಲಿನವನ ವಿಷಯದಲ್ಲಿ ಮಾತ್ರ ಮರೆತುಬಿಡ್ತೀವಿ. ನೀವು ಊರಿಗೆ ಎಸಿ ಕಳಿಸೋರಾದ್ರೆ ದಯವಿಟ್ಟು ಒಂದು ದಿನ ರಜಾ ಹಾಕಿ. ನೀರೆಲ್ಲಿಗೆ ಹೋಗುತ್ತೆ, ಮೇಲೆ ಎಷ್ಟು ಜಾಗ ಇದೆ, ಪಂಪ್ ಎಷ್ಟು ಹೊತ್ತು ಓಡ್ತು, ಇಷ್ಟು ಕೇಳಿ. ಕೇಳಿದ್ದಕ್ಕೆ ದುಡ್ಡೂ ಕೊಡಿ.

ಕುರುಗೋಡಿನ ಆ ಮೆಕ್ಯಾನಿಕ್‌ನ್ನ ಕಾರಲ್ಲಿ ಕೂರಿಸ್ಕೊಂಡು ನಮ್ಮೂರಿಗೆ ಹೋದೆ. ಟವೆಲ್ ತೆಗೆದು, ಸೋಪಿನ ನೊರೆ ಹಚ್ಚಿದ್ರು. ಒಂದು ನಟ್ಟಿನ ಸಂದಿಯಿಂದ ಸಾಸಿವೆ ಕಾಳಿನಂಥ ಗುಳ್ಳೆ, ಒಂದರ ಹಿಂದೆ ಒಂದು. ಪೈಪಿನ ತುದಿ ಹೊಸದಾಗಿ ಅರಳಿಸಿ, ಪಂಪ್ ಹಚ್ಚಿ, ಗ್ಯಾಸನ್ನ ತಕ್ಕಡಿಯಲ್ಲಿ ತೂಗಿ ತುಂಬಿದ್ರು. ಪೂರ್ತಿ ಎರಡು ತಾಸು. ಏಣಿ ಹಿಡ್ಕೊಂಡಿದ್ದವನು ನಾನು. ಅವ್ವ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಈಗ ದಿನಾ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ 27ರಲ್ಲಿ ಹಚ್ತಾಳೆ, ಜೊತೆಗೆ ಫ್ಯಾನು. ಮೀಟರಿನ ಅಂಕಿಯನ್ನ ಕ್ಯಾಲೆಂಡರಿನಲ್ಲಿ ಬರೆದಿಡ್ತಾಳೆ, 200ರ ಒಳಗೇ ಇದೆ. ಹೋದ ವಾರ ಫೋನ್ ಮಾಡಿ ಎಸಿ ಹೆಂಗೈತಿ ಅಂದೆ.

“ಅದು ಬಿಡು, ಆ ಮನಶ್ಯಾ ಅವತ್ತು ಉಣ್ಣದ ಹೋದ. ಮುಂದಿನ ಸಲ ಬಂದಾಗ ಕರ್ಕೊಂಡು ಬಾ.”